ಕೇಬಲ್ ಟಿ.ವಿ.ಯ ಖರ್ಚು: ಮನೆವಾರ್ತೆಯ ಒಂದು ಲೆಕ್ಕ

ಪಗಾರವಾದ ದಿನ ಮನೆಗೆ ಬರುವ ಹಣ ಯಾವ ಯಾವ ದಾರಿಯಿಂದ ಹೊರಗೆ ಹೋಗುತ್ತದೆಂಬುದನ್ನು ಬರೆದಿಡುವ ರೂಢಿ ನಮ್ಮಲ್ಲಿ ಬಹು ಮಂದಿಗೆ ಇಲ್ಲ. ಖೋಲಿಯ ಬಾಡಿಗೆ, ಕಿರಾಣಿ ಅಂಗಡಿಯ ಉದರಿ, ಮಕ್ಕಳ ಶಾಲೆಯ ಫೀ, ಊರಿನಲ್ಲಿರುವ ತಂದೆತಾಯಿಗಳಿಗೆ ಕಳಿಸತಕ್ಕ ಹಣ, ಇವೆಲ್ಲ ಬಾಗಿಲಲ್ಲಿ ನಿಂತು ಕೇಳುವ ಖರ್ಚುಗಳು. ಇವುಗಳ ಸಂದಿನಲ್ಲಿ ಸದ್ದು ಮಾಡದೆ ಹೋಗುವ ಕೆಲವು ಖರ್ಚುಗಳಿವೆ. ಕೇಬಲ್ ಟಿ.ವಿ.ಯ ವರ್ಗಣಿ ಅವುಗಳಲ್ಲಿ ಒಂದು. ಅದನ್ನು ಬಿಟ್ಟುಬಿಡಬಹುದೇ, ಬಿಟ್ಟರೆ ನಿಜವಾಗಿ ಎಷ್ಟು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ವಾಚನಾಲಯಕ್ಕೆ ಬರುವವರು ಆಗಾಗ ಎತ್ತುವುದರಿಂದ ಈ ಸಲ ಅದನ್ನೇ ಅಭ್ಯಾಸಕ್ಕೆ ತೆಗೆದುಕೊಂಡಿದ್ದೇವೆ. ವಾಚಕರು ತಮ್ಮ ಕಳೆದ ತಿಂಗಳ ಕೇಬಲ್ ಪಾವತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಳ್ಳೆಯದು. ಪಾವತಿಯೇ ಇಲ್ಲದವರು ಮುಂದಿನ ತಿಂಗಳು ಅದನ್ನು ಕೇಳಿ ಪಡೆಯಲಿ. ಅದು ಗಿರಾಕಿಯ ಹಕ್ಕು.

ಮೊದಲು ಸ್ವಲ್ಪ ಹಿಂದಿನ ಸಂಗತಿ. ನಮ್ಮ ದೇಶದಲ್ಲಿ ದೂರದರ್ಶನ ಪ್ರಾರಂಭವಾದುದು 1959ರ ಸೆಪ್ಟೆಂಬರ್ 15ರಂದು, ದಿಲ್ಲಿಯಲ್ಲಿ. ಮುಂಬಯಿ ಕೇಂದ್ರ 1972ರ ಅಕ್ಟೋಬರ್ 2ರಂದು ತೆರೆಯಿತು. ಮರುವರ್ಷ ಸಿಂಹಗಡದ ಮೇಲಿನಿಂದ ಅದರ ಮರುಪ್ರಸಾರ ಪುಣೆಗೆ ಸಿಕ್ಕಿತು. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಂಡವರೂ ಟಿ.ವಿ. ಇಟ್ಟುಕೊಂಡವರೂ ಅಂಚೆಯ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. ಅದು ವರ್ಷಕ್ಕೊಮ್ಮೆಯ ಖರ್ಚು. 1980ರ ದಶಕದಲ್ಲಿ ಆ ಲೈಸೆನ್ಸು ರದ್ದಾಗಿ, ಕೆಲವು ವರ್ಷ ಟಿ.ವಿ. ನೋಡುವುದು ಪುಕ್ಕಟೆಯಾಗಿತ್ತು. ಚಾಳಿನಲ್ಲಿ ಒಂದು ಮನೆಯಲ್ಲಿ ಪೆಟ್ಟಿಗೆ ಇದ್ದರೆ ಹತ್ತು ಮನೆಯವರು ಕೂತು ರಾಮಾಯಣ ನೋಡಿದ್ದನ್ನು ನೆನಪಿಟ್ಟವರು ನಮ್ಮ ಸದಸ್ಯರಲ್ಲಿ ಈಗಲೂ ಇದ್ದಾರೆ. 1991ರ ಕೊಲ್ಲಿ ಯುದ್ಧದ ಬಳಿಕ ಉಪಗ್ರಹದ ಚಾನೆಲ್ಲುಗಳು ಬಂದವು. ಮರದಿಂದ ಮರಕ್ಕೆ, ಮಾಳಿಗೆಯಿಂದ ಮಾಳಿಗೆಗೆ ತಂತಿ ಎಳೆದು ತಿಂಗಳ ಹಣ ಕೂಡಿಸುವ ಕೇಬಲ್‌ವಾಲಾ ಬಂದ. 1994ರಲ್ಲಿ ಉದಯ, 2000ರಲ್ಲಿ ಈಟಿವಿ ಕನ್ನಡ ಪ್ರಾರಂಭವಾದ ಮೇಲೆ ಪುಣೆಯ ಕನ್ನಡಿಗರಿಗೂ ಈ ತಂತಿ ಬೇಕೇ ಬೇಕೆನಿಸಿತು. ಅದು ಸಹಜವೇ. ಪರವೂರಿನಲ್ಲಿ ಸಂಜೆ ಏಳಕ್ಕೆ ತಮ್ಮ ಭಾಷೆ ಮನೆಯೊಳಗೆ ಮಾತಾಡತೊಡಗಿದರೆ ಯಾರು ಬೇಡವೆಂದಾರು?

2013ರ ಮಾರ್ಚ್ 31ರ ಗಡುವಿನೊಳಗೆ ಪುಣೆಯೂ ಸೇರಿ 38 ಪಟ್ಟಣಗಳಲ್ಲಿ ಪ್ರತಿಯೊಂದು ಟಿ.ವಿ.ಗೂ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಈ ಬಾಕ್ಸಿನಿಂದ ಆದ ಮುಖ್ಯ ಬದಲಾವಣೆಯನ್ನು ಬಹುಜನ ಗಮನಿಸಲಿಲ್ಲ. ಅದಕ್ಕೆ ಮುಂಚೆ ಕೇಬಲ್‌ವಾಲಾ ಎಲ್ಲ ಚಾನೆಲ್ಲನ್ನೂ ಒಟ್ಟಿಗೆ ಬಿಟ್ಟು ಒಂದು ಮೊತ್ತ ಹೇಳುತ್ತಿದ್ದ. ಬಾಕ್ಸ್ ಬಂದ ಮೇಲೆ ಯಾವ ಮನೆಗೆ ಯಾವ ಚಾನೆಲ್ ಹೋಗುತ್ತದೆಂಬುದು ಗೊತ್ತಾಗತೊಡಗಿತು. ಬೇಡವಾದುದನ್ನು ತೆಗೆಸಿ ಬೇಕಾದುದಕ್ಕೆ ಮಾತ್ರ ಹಣ ಕೊಡುವುದೂ ಸಾಧ್ಯವಾಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2017ರಲ್ಲಿ ಹೊರಡಿಸಿ 2019ರ ಆರಂಭದಲ್ಲಿ ಜಾರಿಗೆ ತಂದ ದರದ ಆಜ್ಞೆ ಇದರ ಮೇಲೆಯೇ ನಿಂತಿದೆ. ಆದರೆ ಈ ಅನುಕೂಲವನ್ನು ಬಳಸಿಕೊಂಡವರು ಕಡಿಮೆ. ಕೇಬಲ್‌ವಾಲಾ ಹಾಕಿಕೊಟ್ಟ ಪ್ಯಾಕೇ ಬಹು ಮನೆಗಳಲ್ಲಿ ಇಂದಿಗೂ ನಡೆಯುತ್ತಿದೆ.

ಬಿಲ್ಲಿನಲ್ಲಿ ಮೂರು ಪಾಲುಗಳಿವೆ. ಒಂದನೆಯದು ತಂತಿಯ ಬಾಡಿಗೆಯಂತಿರುವ ಜಾಲ ಶುಲ್ಕ. 2019ರಲ್ಲಿ ಇದು 100 ಚಾನೆಲ್ಲುಗಳಿಗೆ 130 ರೂಪಾಯಿ ಮೀರಕೂಡದೆಂದಿತ್ತು. 2020ರ ತಿದ್ದುಪಡಿಯಲ್ಲಿ ಅದೇ 130 ರೂಪಾಯಿಗೆ 200 ಚಾನೆಲ್ ಕೊಡಬೇಕೆಂದಾಯಿತು. 2024ರ ಜುಲೈಯಲ್ಲಿ ಟ್ರಾಯ್ ಈ ಮಿತಿಯನ್ನೇ ತೆಗೆದು ದರವನ್ನು ಕಂಪನಿಗಳಿಗೆ ಬಿಟ್ಟಿತು. ಆದುದರಿಂದ ನಿಮ್ಮ ಕಂಪನಿ ಈಗ ಎಷ್ಟು ಹಿಡಿಯುತ್ತದೆಂಬುದನ್ನು ಬಿಲ್ಲಿನಲ್ಲೇ ನೋಡಬೇಕು. ಎರಡನೆಯದು ಹಣ ಕೊಟ್ಟು ನೋಡುವ ಚಾನೆಲ್ಲುಗಳ ಬೆಲೆ. ಮೂರನೆಯದು ಇವೆರಡರ ಮೇಲೆ ಶೇಕಡಾ 18ರ ಜಿ.ಎಸ್.ಟಿ. ತೆರಿಗೆ. ಏನೂ ಪೇ ಚಾನೆಲ್ ಇಲ್ಲದಿದ್ದರೂ 130 ರೂಪಾಯಿಯ ಜಾಲ ಶುಲ್ಕ ತೆರಿಗೆ ಸೇರಿ 153 ರೂಪಾಯಿ 40 ಪೈಸೆ ಆಗುತ್ತದೆ.

ಎರಡನೆಯ ಪಾಲಿನಲ್ಲಿಯೇ ಪುಣೆಯ ಕನ್ನಡ ಮನೆಗೆ ಹೆಚ್ಚಿನ ಹೊರೆ ಬೀಳುವುದು. ಇಲ್ಲಿಯ ಕೇಬಲ್‌ವಾಲಾನ ಸಾಮಾನ್ಯ ಪ್ಯಾಕು ಮರಾಠಿ ಮತ್ತು ಹಿಂದಿಯದು. ಕನ್ನಡ ಬೇಕಾದರೆ ಅದನ್ನು ಅದರ ಮೇಲೆ ಏರಿಸಬೇಕು. ಮನೆಯ ಅತ್ತೆಗೆ ಕನ್ನಡದ ಧಾರಾವಾಹಿ, ಇಲ್ಲಿಯ ಶಾಲೆಗೆ ಹೋಗುವ ಮಗುವಿಗೆ ಹಿಂದಿಯ ಕಾರ್ಟೂನು, ಯಜಮಾನರಿಗೆ ಕ್ರಿಕೆಟ್ಟು. ಹೀಗೆ ಮೂರು ಪ್ಯಾಕುಗಳು ಒಂದೇ ಪೆಟ್ಟಿಗೆಯಲ್ಲಿ ಸೇರುತ್ತವೆ. ವಿಜಯಪುರದಲ್ಲಿಯೋ ಕಲಬುರಗಿಯಲ್ಲಿಯೋ ಇರುವ ತಮ್ಮ ಅಣ್ಣತಮ್ಮಂದಿರು ಒಂದು ಪ್ಯಾಕಿನಲ್ಲಿ ಮುಗಿಸುವುದನ್ನು ಇವರು ಮೂರರಲ್ಲಿ ಮಾಡಬೇಕಾಗುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. ಭೋಸರಿಯಲ್ಲಿ ಒಂದು ಖೋಲಿಯಲ್ಲಿರುವ ನಾಲ್ವರ ಕುಟುಂಬವೆಂದು ಭಾವಿಸಿರಿ. ಜಾಲ ಶುಲ್ಕ 130, ಎಲ್ಲ ಪ್ಯಾಕುಗಳೂ ಸೇರಿ 140, ಒಟ್ಟು 270. ಇದರ ಮೇಲೆ ತೆರಿಗೆ 48 ರೂಪಾಯಿ 60 ಪೈಸೆ. ತಿಂಗಳಿಗೆ 318 ರೂಪಾಯಿ 60 ಪೈಸೆಯಾಯಿತು. ವರ್ಷಕ್ಕೆ 3,823 ರೂಪಾಯಿ 20 ಪೈಸೆ. ತಿಂಗಳ ಲೆಕ್ಕದಲ್ಲಿ ಹಗುರವಾಗಿ ಕಾಣುವ ಮೊತ್ತ ವರ್ಷದ ಲೆಕ್ಕದಲ್ಲಿ ಮಕ್ಕಳ ಪುಸ್ತಕ, ಬಟ್ಟೆ, ಚೀಲದ ಹಣವಾಗಿ ಕಾಣುತ್ತದೆ. ನಿಮ್ಮ ಅಂಕಿಗಳು ಬೇರೆಯಾಗಿದ್ದರೆ ಅವನ್ನೇ ಹಾಕಿ ಗುಣಿಸಿರಿ.

ಇದಲ್ಲದೆ ವಿದ್ಯುತ್ತು. ಸಾಮಾನ್ಯ ಗಾತ್ರದ ಎಲ್.ಇ.ಡಿ. ಟಿ.ವಿ. ಸುಮಾರು 50 ವಾಟ್ ಹಿಡಿಯುತ್ತದೆಂದರೆ ದಿನಕ್ಕೆ 5 ತಾಸಿನಂತೆ ತಿಂಗಳಿಗೆ ಏಳೂವರೆ ಯುನಿಟ್. ಬಾಕ್ಸ್ ಸುಮಾರು 10 ವಾಟಿನದೇ ಆದರೂ ರಿಮೋಟಿನಿಂದ ಟಿ.ವಿ.ಯನ್ನು ಮಾತ್ರ ಆರಿಸಿ ಅದನ್ನು ಹಾಗೆಯೇ ಬಿಟ್ಟರೆ 24 ತಾಸು ನಡೆದು ತಿಂಗಳಿಗೆ ಏಳು ಯುನಿಟ್ ದಾಟುತ್ತದೆ. ನೋಡಿದ್ದಕ್ಕೆ ಹೋದಷ್ಟೇ ನೋಡದಿದ್ದುದಕ್ಕೂ ಹೋಯಿತು! ಖೋಲಿಯ ಮಾಲಕರು ಸಬ್‌ಮೀಟರಿನ ಮೇಲೆ ತಮ್ಮದೇ ದರ ಹಿಡಿಯುವ ಕಡೆ ಇದು ಇನ್ನೂ ದುಬಾರಿ. ಕೇಬಲ್ ಬಿಡದವರೂ ಗೋಡೆಯ ಗುಂಡಿಯನ್ನು ಆರಿಸಿಯೇ ಮಲಗತಕ್ಕದ್ದು.

ಹಾಗಾದರೆ ಒಮ್ಮೆಲೇ ತಂತಿ ಕಿತ್ತೊಗೆಯಬೇಕೆ? ಅವಸರ ಬೇಡ. ನಡುವಿನ ದಾರಿಗಳಿವೆ. ಪ್ಯಾಕು ಬೇಡ, ಇಂತಿಂಥ ಚಾನೆಲ್ ಮಾತ್ರ ಸಾಕು ಎಂದು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ಗಿರಾಕಿಗಿದೆ. 19 ರೂಪಾಯಿಗಿಂತ ಹೆಚ್ಚು ಬೆಲೆಯ ಚಾನೆಲ್ಲನ್ನು ಪ್ಯಾಕಿಗೆ ಸೇರಿಸಕೂಡದೆಂಬ ನಿಯಮವನ್ನು ಟ್ರಾಯ್ 2022ರ ನವೆಂಬರಿನಲ್ಲಿ ಮರಳಿ ತಂದಿತು. ಮನೋರಂಜನೆಯ ದೊಡ್ಡ ಚಾನೆಲ್ಲುಗಳ ಬೆಲೆಗೆ ಇದೇ ಅಂಚು. ಅಂಥ ಎರಡು ಕನ್ನಡ ಚಾನೆಲ್ಲುಗಳನ್ನು ತಲಾ 19ರಂತೆ ತೆಗೆದುಕೊಂಡರೆ ತೆರಿಗೆ ಸೇರಿ 44 ರೂಪಾಯಿ 84 ಪೈಸೆ. ಮೇಲಿನ ಭೋಸರಿಯ ಮನೆಯವರು 140 ರೂಪಾಯಿಯ ಪ್ಯಾಕುಗಳನ್ನು ಬಿಟ್ಟು ಇಷ್ಟರಲ್ಲೇ ನಿಂತರೆ ಬಿಲ್ಲು 318ರಿಂದ 198ಕ್ಕೆ ಇಳಿಯುತ್ತದೆ. ಮನೆಯವರೆಲ್ಲ ಕೂತು ಒಂದು ವಾರ ನಿಜವಾಗಿ ಯಾವ ಚಾನೆಲ್ ನೋಡಿದೆವೆಂದು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿರಿ. ನೂರಾರು ಚಾನೆಲ್ಲುಗಳಲ್ಲಿ ಗುರುತು ಬೀಳುವುವು ಬೆರಳೆಣಿಕೆಯಷ್ಟು.

ಕಟ್ಟಡದ ಕೆಲಸದವರಿಗೆ ಇನ್ನೊಂದು ಮಾತು. ಸುಗ್ಗಿಗೋ ಜಾತ್ರೆಗೋ ಊರಿಗೆ ಹೋಗಿ ಒಂದೆರಡು ತಿಂಗಳು ನಿಲ್ಲುವ ಕುಟುಂಬಗಳು ಬೀಗ ಹಾಕಿದ ಖೋಲಿಗೂ ಕೇಬಲ್ ಹಣ ಕೊಡುವುದುಂಟು. ಹದಿನೈದು ದಿನ ಮೊದಲು ತಿಳಿಸಿದರೆ ಒಂದು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಪೂರ್ಣ ತಿಂಗಳುಗಳ ಮಟ್ಟಿಗೆ ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೆಂದು 2017ರ ನಿಯಮಗಳಲ್ಲೇ ಇದೆ.

ಪೂರ್ತಿ ಬಿಡುವವರಿಗೆ ಪ್ರಸಾರ ಭಾರತಿಯ ಡಿ.ಡಿ. ಫ್ರೀ ಡಿಶ್ ಇದೆ. 2004ರ ಡಿಸೆಂಬರಿನಲ್ಲಿ ಬೇರೆ ಹೆಸರಿನಿಂದ ಪ್ರಾರಂಭವಾದ ಇದಕ್ಕೆ ತಿಂಗಳ ವರ್ಗಣಿ ಇಲ್ಲ. ತಟ್ಟೆ ಮತ್ತು ಬಾಕ್ಸಿಗೆ ಒಂದೇ ಸಲ ಸುಮಾರು ಎರಡು ಸಾವಿರ ರೂಪಾಯಿ ತಗಲುತ್ತದೆ. ನಮ್ಮ ಉದಾಹರಣೆಯ ಮನೆಗೆ ಅದು ಆರು ತಿಂಗಳ ಚಿಲ್ಲರೆ ಕೇಬಲ್ ಹಣ. ಕೊಳ್ಳುವಾಗ ಎಂಪೆಗ್-4 ಬಾಕ್ಸನ್ನೇ ಕೇಳಿರಿ. ಹಳೆಯ ಬಗೆಯದರಲ್ಲಿ ಕೆಲವು ಚಾನೆಲ್ಲುಗಳು ಮೂಡುವುದಿಲ್ಲ. ಉಪಗ್ರಹವು ಪುಣೆಯಿಂದ ಆಗ್ನೇಯ ದಿಕ್ಕಿನ ಆಕಾಶದಲ್ಲಿ, ಸಾಕಷ್ಟು ಎತ್ತರದಲ್ಲಿದೆ. ತಟ್ಟೆಗೂ ಆ ದಿಕ್ಕಿನ ಆಕಾಶಕ್ಕೂ ನಡುವೆ ಗೋಡೆಯಾಗಲಿ ಮರವಾಗಲಿ ಇರಬಾರದು. ಸಾಲು ಕಟ್ಟಡಗಳ ನಡುವಿನ ಕೆಳಮಾಳಿಗೆಯ ಖೋಲಿಯವರು ಮಾಲಕರನ್ನು ಕೇಳಿ ತಟ್ಟೆಯನ್ನು ಗಚ್ಚಿನ ಮೇಲೆ ಹಾಕಿಸಬೇಕಾದೀತು. ಜೋರು ಮಳೆಯಲ್ಲಿ ಚಿತ್ರ ನಿಲ್ಲುತ್ತದೆ, ಇದನ್ನೂ ಮೊದಲೇ ತಿಳಿದಿರಬೇಕು.

ಇದರಲ್ಲಿ ಕನ್ನಡದ ಚಂದನವಿದೆ, ಆಕಾಶವಾಣಿಯ ಹಲವು ಕೇಂದ್ರಗಳೂ ಇವೆ. ಚಂದನದಲ್ಲಿ 2002ರಲ್ಲಿ ಡಾ. ನಾ. ಸೋಮೇಶ್ವರರು ಪ್ರಾರಂಭಿಸಿ ಸಾವಿರಾರು ಕಂತು ನಡೆಸಿದ ‘ಥಟ್ ಅಂತ ಹೇಳಿ’ ರಸಪ್ರಶ್ನೆಯಲ್ಲಿ ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನ. ವಾಚನಾಲಯದವರಿಗೆ ಇದಕ್ಕಿಂತ ಮೆಚ್ಚಿಕೆಯ ಕಾರ್ಯಕ್ರಮ ಯಾವುದಿದೆ? ಆದರೆ ಖಾಸಗಿ ಚಾನೆಲ್ಲುಗಳ ಹೆಸರುವಾಸಿ ಕನ್ನಡ ಧಾರಾವಾಹಿಗಳನ್ನು ಇದರಲ್ಲಿ ನೆಚ್ಚಿಕೊಳ್ಳಬಾರದು. ಖಾಸಗಿಯವರಿಗೆ ಇಲ್ಲಿ ಜಾಗ ಸಿಗುವುದು ಹರಾಜಿನಿಂದ. ಅದು ಕಾಲಕಾಲಕ್ಕೆ ಬದಲಾಗುತ್ತದೆ. ಅಂಗಡಿಯಲ್ಲಿ ಚಾಲೂ ಮಾಡಿಸಿ ನೋಡಿಯೇ ಹಣ ಕೊಡಿ.

ಕ್ರಿಕೆಟ್ಟಿನ ವಿಷಯದಲ್ಲಿ ಹಲವರಿಗೆ ತಿಳಿಯದ ಒಂದು ಸಂಗತಿ. 2007ರ ಕಾಯಿದೆಯ ಪ್ರಕಾರ ಭಾರತ ತಂಡದ ಏಕದಿನ ಮತ್ತು ಟಿ-20 ಅಂತರರಾಷ್ಟ್ರೀಯ ಪಂದ್ಯಗಳ ಪ್ರಸಾರವನ್ನು ಖಾಸಗಿ ಚಾನೆಲ್ಲಿನವರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು. 2017ರಲ್ಲಿ ಸುಪ್ರೀಂ ಕೋರ್ಟು, ಹೀಗೆ ಹಂಚಿದ ಪ್ರಸಾರವು ದೂರದರ್ಶನದ ಸ್ವಂತ ಜಾಲದಲ್ಲಿಯೂ ಫ್ರೀ ಡಿಶ್‌ನಲ್ಲಿಯೂ ಮಾತ್ರ ಹೋಗಬೇಕು, ಕೇಬಲ್‌ನಲ್ಲಿ ಹೋಗಕೂಡದೆಂದು ತೀರ್ಪಿತ್ತಿತು. ಆದುದರಿಂದ ಹಣ ಕೊಟ್ಟ ಕೇಬಲ್ ಮನೆಯ ದೂರದರ್ಶನದಲ್ಲಿ ಕಾಣದ ಪಂದ್ಯ ಪುಕ್ಕಟೆ ತಟ್ಟೆಯ ಮನೆಯಲ್ಲಿ ಕಾಣುವುದುಂಟು. ಐ.ಪಿ.ಎಲ್. ಈ ಕಾಯಿದೆಯ ಪಟ್ಟಿಯಲ್ಲಿಲ್ಲ.

ಇನ್ನು ಲೆಕ್ಕಕ್ಕೆ ಸಿಗದ ಭಾಗ. ನಮ್ಮ ಮಟ್ಟಿಗೆ ಈ ಪಾಠದಲ್ಲಿ ಕಠಿನವಾದುದು ಇದೇ. ಗಂಡಸರು ಹೊರಗೆ ದುಡಿಯುತ್ತಾರೆ, ಅಲ್ಲಿ ನಾಲ್ಕು ಜನರೊಡನೆ ಮಾತಾಡುತ್ತಾರೆ, ಸಂಜೆ ವಾಚನಾಲಯಕ್ಕೆ ಬಂದು ಕನ್ನಡ ಪತ್ರಿಕೆ ತಿರುವುತ್ತಾರೆ. ಮದುವೆಯಾಗಿ ಹೊಸದಾಗಿ ಪುಣೆಗೆ ಬಂದ ಹೆಣ್ಣುಮಗಳಿಗೆ ಮರಾಠಿ ಬಾರದು, ನೆರೆಯವರ ಪರಿಚಯವಿಲ್ಲ, ಹಗಲೆಲ್ಲ ಹತ್ತಡಿ ಖೋಲಿ. ಅವಳ ಪಾಲಿಗೆ ಆ ಧಾರಾವಾಹಿಯ ಅತ್ತೆ-ಸೊಸೆಯರೇ ಕನ್ನಡ ಮಾತಾಡುವ ನೆರೆಹೊರೆ. ಊರಿಂದ ಬಂದ ಮುದಿ ತಾಯಿಯ ಸ್ಥಿತಿಯೂ ಅಷ್ಟೇ. ಯಜಮಾನರು ಒಂದು ದಿನ ಲೆಕ್ಕದ ಪುಸ್ತಕ ಹಿಡಿದು, ‘ಇನ್ನು ಕೇಬಲ್ ಬೇಡ’ ಎಂದು ಸಾರಿದರೆ ಉಳಿತಾಯದ ಪೂರ್ತಿ ಬೆಲೆಯನ್ನು ತೆತ್ತವರು ಯಾರು? ತಮ್ಮ ಚಹಾ, ಎಲೆ, ತಂಬಾಕಿನ ದಿನದ ಹತ್ತಿಪ್ಪತ್ತು ರೂಪಾಯಿಯನ್ನು ಮುಟ್ಟದೆ ಹೆಂಡತಿಯ ಧಾರಾವಾಹಿಗೆ ಕತ್ತರಿ ಹಾಕುವವರನ್ನು ನಾವು ಮಿತವ್ಯಯಿಗಳೆಂದು ಕರೆಯಲಾರೆವು. ದಿನಕ್ಕೆ 15 ರೂಪಾಯಿಯಾದರೂ ತಿಂಗಳಿಗೆ 450 ಆಯಿತು, ಕೇಬಲಿಗಿಂತ ಹೆಚ್ಚು.

ಆದ ಕಾರಣ ಮನೆಯವರೆಲ್ಲ ಕೂತು ನಿಶ್ಚಯಿಸತಕ್ಕ ವಿಷಯವಿದು. ಕೇಬಲ್ ಬಿಡುವ ಮೊದಲೇ ಅದರ ಜಾಗಕ್ಕೆ ಇನ್ನೊಂದನ್ನು ತಂದಿಡಬೇಕು. ಆಕಾಶವಾಣಿಯ ಮೊಬೈಲ್ ಆ್ಯಪಿನಲ್ಲಿ ಕನ್ನಡದ ಕೇಂದ್ರಗಳು ಸಿಗುತ್ತವೆ; ಧಾರವಾಡದ ಕೇಂದ್ರ 1950ರಷ್ಟು ಹಳೆಯದು, ಆ ದನಿ ಕೇಳಿ ಬೆಳೆದ ಮುದುಕಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಒಂದು ತಾಸಿನ ರೇಡಿಯೋ ಕೆಲವು ಹತ್ತು ಎಂ.ಬಿ.ಯಲ್ಲಿ ಮುಗಿಯುತ್ತದೆ, ಒಂದು ತಾಸಿನ ಚಿತ್ರಕ್ಕೆ ಅರ್ಧ ಜಿ.ಬಿ. ಅಥವಾ ಹೆಚ್ಚು ಬೇಕು. ವಾಚನಾಲಯಕ್ಕೆ ಹೆಂಗಸರೂ ಬರಬಹುದು, ಬರಬೇಕು. ಬರಲಾಗದವರಿಗೆ ಹಳೆಯ ವಾರಪತ್ರಿಕೆ ಮಾಸಪತ್ರಿಕೆಗಳನ್ನು ಮನೆಗೆ ಒಯ್ಯಲು ಕೇಳಿಕೊಳ್ಳಿ. (ಗದಗಿನ ಬಾಲಕ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಹಚ್ಚಿದ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ಮರುಳಾಗಿ 1933ರಲ್ಲಿ ಮನೆ ಬಿಟ್ಟರು, ಕಡೆಗೆ ಈ ಪುಣೆಯಲ್ಲೇ ನೆಲೆಸಿದರು. ಆ ಗ್ರಾಮಫೋನು ಅವರ ಮನೆಯದಾಗಿರಲಿಲ್ಲ.)

ಮಕ್ಕಳ ಓದಿನ ವಿಷಯದಲ್ಲಿ ತಂತಿ ಕೀಳುವುದೊಂದೇ ಉಪಾಯವಲ್ಲವೆಂದು ತೋರಿಸಿದ ಹಳ್ಳಿಯೊಂದು ನಮ್ಮ ನೆರೆಯಲ್ಲೇ ಇದೆ. ಸಾಂಗಲಿ ಜಿಲ್ಲೆಯ ಕಡೇಗಾಂವ ತಾಲೂಕಿನ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರ ಆಗಸ್ಟಿನಲ್ಲಿ ಒಂದು ಕಟ್ಟಳೆ ಮಾಡಿಕೊಂಡರು. ಸಂಜೆ ಏಳಕ್ಕೆ ಗುಡಿಯ ಮೇಲಿನ ಭೋಂಗಾ ಕೂಗುತ್ತದೆ. ಎಂಟೂವರೆಯವರೆಗೆ ಮನೆಮನೆಯಲ್ಲೂ ಟಿ.ವಿ. ಬಂದ್, ಮೊಬೈಲ್ ಬಂದ್. ಮಕ್ಕಳು ಪುಸ್ತಕ ಹಿಡಿಯುತ್ತಾರೆ. ಕರೋನಾದ ಕಾಲದಲ್ಲಿ ಆನ್‌ಲೈನ್ ಪಾಠದಿಂದ ಮಕ್ಕಳ ಕೈಗೆ ಬಂದ ಮೊಬೈಲು ಆಮೇಲೂ ಬಿಡಲಿಲ್ಲವೆಂಬುದೇ ಇದಕ್ಕೆ ಕಾರಣ. ಇಡೀ ಊರು ಒಟ್ಟಿಗೆ ಆರಿಸಿದ್ದರಿಂದ ಪಕ್ಕದ ಮನೆಯ ಸದ್ದು ಕೇಳಿ ಮಗು ಚಡಪಡಿಸುವ ಪ್ರಶ್ನೆ ಬರಲಿಲ್ಲ. ಗೋಡೆಗೆ ಗೋಡೆ ಹತ್ತಿದ ನಮ್ಮ ಚಾಳುಗಳಲ್ಲಿ ನಾಲ್ಕು ಮನೆಯವರಾದರೂ ಹೀಗೆ ಒಪ್ಪಿಕೊಂಡರೆ ಹತ್ತನೆಯ ಇಯತ್ತೆಯ ಮಕ್ಕಳಿಗೆ ಉಪಕಾರವಾದೀತು.

ಈಗ ದೇಶದಲ್ಲೆಲ್ಲ ಜನ ಕೇಬಲ್ ಬಿಡುತ್ತಿದ್ದಾರೆ. ಹಣ ಕೊಟ್ಟು ಟಿ.ವಿ. ನೋಡುವ ಮನೆಗಳು 2018ರಲ್ಲಿ 15 ಕೋಟಿ 10 ಲಕ್ಷವಿದ್ದುವು, 2024ರಲ್ಲಿ 11 ಕೋಟಿ 10 ಲಕ್ಷಕ್ಕೆ ಇಳಿದುವು ಎಂದು ಕೇಬಲ್ ಕಂಪನಿಗಳ ಒಕ್ಕೂಟವೇ 2025ರಲ್ಲಿ ಹೊರಡಿಸಿದ ವರದಿ ಹೇಳುತ್ತದೆ. ಇವರೆಲ್ಲ ಹಣ ಉಳಿಸಿದರೆಂದು ತಿಳಿಯುವುದು ತಪ್ಪು. ಬಹು ಮಂದಿ ಟಿ.ವಿ.ಯ ಹಣವನ್ನು ಮೊಬೈಲಿಗೆ ಹಾಕಿದರು, ಅಷ್ಟೇ. 2024ರ ಜುಲೈಯಲ್ಲಿ ದರ ಏರಿದಾಗ ದಿನಕ್ಕೆ ಒಂದೂವರೆ ಜಿ.ಬಿ. ಕೊಡುವ 28 ದಿನಗಳ ರಿಚಾರ್ಜು ಒಂದು ದೊಡ್ಡ ಕಂಪನಿಯಲ್ಲಿ 299 ರೂಪಾಯಿಯಾಯಿತು. ಇಪ್ಪತ್ತೆಂಟು ದಿನವೆಂದರೆ ತಿಂಗಳಲ್ಲ. ವರ್ಷಕ್ಕೆ 13 ಸಲ ಹಾಕಿಸಬೇಕು. 13 ಸಲಕ್ಕೆ 3,887 ರೂಪಾಯಿ. ನಮ್ಮ ಉದಾಹರಣೆಯ ಮನೆಯ ಇಡೀ ವರ್ಷದ ಕೇಬಲ್ ಹಣಕ್ಕಿಂತ ಇದು ಹೆಚ್ಚು, ಅದೂ ಒಂದೇ ಮೊಬೈಲಿಗೆ. ಕೇಬಲ್ ಇದ್ದಾಗ ನಾಲ್ವರೂ ಒಂದು ಪರದೆ ನೋಡುತ್ತಿದ್ದರು. ಬಿಟ್ಟ ಮೇಲೆ ನಾಲ್ವರಿಗೆ ನಾಲ್ಕು ಪರದೆಯಾದರೆ ಆ ಮನೆಯವರು ಕೇಬಲನ್ನೇ ಇಟ್ಟುಕೊಳ್ಳುವುದು ಅಗ್ಗ. ಸಿನೆಮಾದ ಆ್ಯಪುಗಳು ಮೊದಲ ತಿಂಗಳು ಅಗ್ಗವೆಂದು ಕರೆದು, ‘ಆಟೋಪೇ’ ಎಂಬ ಒಪ್ಪಿಗೆ ಪಡೆದು, ಬಳಿಕ ತಾವಾಗಿ ಖಾತೆಯಿಂದ ಹಣ ಎಳೆದುಕೊಳ್ಳುತ್ತವೆ. ಯು.ಪಿ.ಐ. ಆ್ಯಪಿನಲ್ಲಿ ಆಟೋಪೇ ಅಥವಾ ಮ್ಯಾಂಡೇಟ್ ಎಂಬ ಕಡೆ ನೋಡಿ, ಬೇಡವಾದುವನ್ನು ರದ್ದು ಮಾಡಿರಿ. ಪ್ರತಿ ಮೊಬೈಲ್ ಕಂಪನಿಯೂ 30 ದಿನಗಳ ಒಂದು ಯೋಜನೆಯನ್ನಾದರೂ ಇಡಬೇಕೆಂದು ಟ್ರಾಯ್ 2022ರ ಜನವರಿಯಲ್ಲಿ ಆಜ್ಞೆ ಮಾಡಿದೆ. ಅಂಗಡಿಯವನು ಹೇಳದಿದ್ದರೆ ನೀವೇ ಕೇಳಬೇಕು.

ಉಳಿದ ಹಣವನ್ನು ಅದೇ ದಿನ ಬೇರೆ ಕಡೆ ಇಡದಿದ್ದರೆ ಅದು ಉಳಿದುದಾಗಿ ಎಲ್ಲಿಯೂ ಕಾಣಸಿಗದು. ಇಲ್ಲಿಯವರು ಭಿಶಿ ಎನ್ನುವ ಚೀಟಿಯಲ್ಲಿ ಹಾಕುವವರುಂಟು. ಭಿಶಿ ನಡೆಸುವವರ ಗುಣದ ಮೇಲೆ ಅದು ನಿಂತಿದೆ. ಅಂಚೆಯ ಕಚೇರಿಯ ಐದು ವರ್ಷದ ಆರ್.ಡಿ. ಖಾತೆಯನ್ನು ತಿಂಗಳಿಗೆ 100 ರೂಪಾಯಿಯಿಂದಲೂ ತೆರೆಯಬಹುದು. ತಿಂಗಳಿಗೆ 300ರಂತೆ 60 ತಿಂಗಳು ಕಟ್ಟಿದರೆ ಕೈಯಿಂದ ಹೋಗುವುದು 18,000. 2023ರ ಅಕ್ಟೋಬರಿನಲ್ಲಿ ಗೊತ್ತುಮಾಡಿದ ಶೇಕಡಾ 6.7ರ ಬಡ್ಡಿಯಲ್ಲಿ ಮರಳಿ ಬರುವುದು ಸುಮಾರು 21,410 ರೂಪಾಯಿ. ನೀವು ಖಾತೆ ತೆರೆಯುವ ದಿನದ ದರವನ್ನು ಕೇಳಿಕೊಳ್ಳಿ. ತೆರೆದ ಖಾತೆಗೆ ಐದು ವರ್ಷವೂ ಅದೇ ದರ. ಹನ್ನೆರಡು ಕಂತು ಕಟ್ಟಿದ ಮೇಲೆ ಅಡಚಣೆ ಬಂದರೆ ಖಾತೆ ಮುರಿಯದೆ ಅರ್ಧದವರೆಗೆ ಸಾಲ ಸಿಗುತ್ತದೆ.

ಕೇಬಲ್ ನಿಲ್ಲಿಸುವಾಗ ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ. ಹದಿನೈದು ದಿನ ಮೊದಲು ಬರೆದು ಕೊಟ್ಟು, ಮೊದಲೇ ಕಟ್ಟಿದ ಹಣದಲ್ಲಿ ಉಳಿದುದನ್ನೂ ಬಾಕ್ಸಿಗೆ ಠೇವಣಿ ಇಟ್ಟಿದ್ದರೆ ಅದನ್ನೂ ಕೇಳಿರಿ. ಬಾಕ್ಸ್ ಹಿಂದಿರುಗಿಸಿದ್ದಕ್ಕೆ ಪಾವತಿ ಪಡೆಯಿರಿ. ಹಣ ಕೂಡಿಸಲು ಬರುವ ಹುಡುಗನೊಡನೆ ಜಗಳ ಬೇಡ, ಅವನೂ ಪಗಾರದವನೇ. ಮರಾಠಿಯಲ್ಲಿ ಅರ್ಜಿ ಬರೆಯಲು ಬಾರದವರು ಸಂಜೆ ವಾಚನಾಲಯದಲ್ಲಿ ಯಾರನ್ನಾದರೂ ಕೇಳಿದರೆ ಬರೆದುಕೊಡುತ್ತಾರೆ.

ಉಳಿದ ಹಣದಲ್ಲಿ ಮೊದಲು ಮಾಡಬೇಕಾದ ಕೆಲಸವೊಂದಿದೆ. ಪರಾಂಚಿಯ ಮೇಲೆ ಕೆಲಸ ಮಾಡುವವರೂ ರಾತ್ರಿ ಪಾಳಿ ಮುಗಿಸಿ ಹೆದ್ದಾರಿಯಲ್ಲಿ ಸೈಕಲ್ ತುಳಿಯುವವರೂ ಇದನ್ನು ಮುಂದೂಡಬಾರದು. 2015ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 18ರಿಂದ 70 ವಯಸ್ಸಿನವರಿಗೆ ಅಪಘಾತದ ಮರಣಕ್ಕೂ ಪೂರ್ಣ ಅಂಗವೈಕಲ್ಯಕ್ಕೂ ಎರಡು ಲಕ್ಷದ ವಿಮೆ, ಭಾಗಶಃ ಅಂಗವೈಕಲ್ಯಕ್ಕೆ ಒಂದು ಲಕ್ಷ. ಜೀವನ ಜ್ಯೋತಿ ಯೋಜನೆಯಲ್ಲಿ ವರ್ಷಕ್ಕೆ 436 ರೂಪಾಯಿಗೆ ಯಾವ ಕಾರಣದ ಮರಣಕ್ಕೂ ಎರಡು ಲಕ್ಷ. 50 ವರ್ಷದೊಳಗೆ ಸೇರಬೇಕು, ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತದ ಮರಣಕ್ಕೆ ಮಾತ್ರ. ಎರಡೂ ಕೂಡಿ 456 ರೂಪಾಯಿ, ನಮ್ಮ ಉದಾಹರಣೆಯ ಮನೆಯ ಒಂದೂವರೆ ತಿಂಗಳ ಕೇಬಲ್ ಹಣಕ್ಕಿಂತ ಕಡಿಮೆ. ಬ್ಯಾಂಕಿನಲ್ಲಿ ಅಥವಾ ಅಂಚೆಯಲ್ಲಿ ಖಾತೆ ಇದ್ದವರು ಅಲ್ಲಿಯೇ ಅರ್ಜಿ ಕೊಟ್ಟು, ವಾರಸುದಾರರ ಹೆಸರನ್ನು ಆಧಾರಿನಲ್ಲಿರುವಂತೆಯೇ ಬರೆಸಿ, ಆ ಕಾಗದ ಎಲ್ಲಿದೆಯೆಂಬುದನ್ನು ಮನೆಯವರಿಗೆ ತಿಳಿಸಿಡಬೇಕು. ವಿಮೆಯ ವರ್ಷ ಜೂನ್ 1ರಿಂದ ಮೇ 31ರವರೆಗೆ. ಹಣ ಖಾತೆಯಿಂದ ತಾನಾಗಿ ಹೋಗುವುದರಿಂದ ಮೇ ತಿಂಗಳ ಕೊನೆಯ ವಾರಗಳಲ್ಲಿ ಖಾತೆ ಬರಿದಾಗದಂತೆ ನೋಡಿಕೊಳ್ಳತಕ್ಕದ್ದು.